ಹಳೆಯ ರೀಲು, ಹೊಸ ದಾರ: ಬೆಳಗಾವಿ–ಬಾಗಲಕೋಟೆ ಕಡೆಯ ಗಾಳಗಾರರಿಗೆ ಒಂದು ಹೋಲಿಕೆ

ಹಿಡ್ಕಲ್ ಹಿನ್ನೀರಿನ ದಂಡೆಯಲ್ಲಿ ಭಾನುವಾರ ಗಾಳ ಹಾಕಿ ಕೂತವರನ್ನು ನೋಡಿ. ಹೆಚ್ಚಿನವರ ಕೈಯಲ್ಲಿ ಕಪ್ಪು ಗ್ರಾಫೈಟ್ ರಾಡು, ಹಸಿರು ಬ್ರೇಡ್ (ಹೆಣೆದ) ದಾರ, ದಾರ ಸುತ್ತಲು ಆನ್‌ಲೈನಿನಲ್ಲಿ ತರಿಸಿದ ಹಗುರ ರೀಲು. ಅಲ್ಲೊಬ್ಬರು ಇಲ್ಲೊಬ್ಬರ ಹತ್ತಿರ ಮಾತ್ರ ಬೇರೆಯೇ ಸಾಮಾನು. ಕಂದು ಬಣ್ಣದ ಫೈಬರ್‌ಗ್ಲಾಸ್ ರಾಡು, ಕೊಳೆ ಹಿಡಿದ ಕಾರ್ಕ್ ಹಿಡಿ, ಬಣ್ಣ ಸುಲಿದ ಲೋಹದ ರೀಲು. ಇವರೆಲ್ಲ ವಯಸ್ಸಾದವರು ಅಂದುಕೊಳ್ಳಬೇಡಿ. ಇಂಜಿನಿಯರಿಂಗ್ ಓದುವ ಹುಡುಗರೂ ಈಗ ಹಳೆಯ ರೀಲು ಹುಡುಕಿಕೊಂಡು ತಿರುಗುತ್ತಾರೆ. "ಕಾಕಾ, ಇದು ಮಾರ್ತೀರೇನ್ರಿ?" ಎಂದು ದಂಡೆಯಲ್ಲೇ ಕೇಳಿಬಿಡುತ್ತಾರೆ.

ಅಂಥ ಹುಡುಗರಿಗಾಗಿ ಈ ಬರಹ. ಅಟ್ಟದ ಮೇಲಿಂದ ಯಾರೋ ಇಳಿಸಿದ ಹಳೆಯ ಸೆಟ್ಟಿಗೆ ದುಡ್ಡು ಕೊಡುವ ಮುಂಚೆ ಓದಿಕೊಳ್ಳಲಿ ಅಂತ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೆಟ್ಟನ್ನು ಒಂದೇ ವಸ್ತು ಎಂದು ನೋಡಬೇಡಿ. ರೀಲು ಹಳೆಯದಿದ್ದರೆ ಧಾರಾಳವಾಗಿ ನಡೆಯುತ್ತದೆ. ರಾಡು ಹಳೆಯದಿದ್ದರೆ, ಯಾವ ಕಾಲದ್ದು, ಯಾವುದರಿಂದ ಮಾಡಿದ್ದು ಎಂದು ಕೇಳಬೇಕು. ದಾರ ಮತ್ತು ಕೊಕ್ಕೆ ಮಾತ್ರ ಹೊಸದೇ ಆಗಬೇಕು. ಅಲ್ಲಿ ರಾಜಿ ಇಲ್ಲ.

ಇನ್ನೊಂದು ಮಾತು. "ಹಳೇದೆಲ್ಲಾ ಗಟ್ಟಿ ಇರ್ತದ್ರಿ" ಎಂದು ಮಾರುವವರು ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಹಳೆಯ ಕಾಲದಲ್ಲೂ ಕೆಟ್ಟ ರೀಲು ಬೇಕಾದಷ್ಟು ಬಂದಿದ್ದವು. ಅವು ಯಾವಾಗಲೋ ಗುಜರಿಗೆ ಹೋದವು. ಇವತ್ತು ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡವು ಮಾತ್ರ. ಹಾಗಾಗಿ ಎಲ್ಲಾ ಹಳೆಯ ರೀಲೂ ಒಳ್ಳೆಯದು ಅನ್ನಿಸುತ್ತದೆ.

ರೀಲು: ಇದು ಗಡಿಯಾರದವರ ಕೆಲಸ

ಹಳೆಯ ರೀಲುಗಳನ್ನು ಮಾಡಿದವರು ಯಾರು ಎಂದು ನೋಡಿದರೆ, ಅವು ಯಾಕೆ ಇನ್ನೂ ತಿರುಗುತ್ತಿವೆ ಎಂಬುದು ಅರ್ಥವಾಗುತ್ತದೆ. ಸ್ವೀಡನ್ನಿನ ಅಬು ಕಂಪನಿ 1921ರಲ್ಲಿ ಶುರುವಾದದ್ದು ಜೇಬುಗಡಿಯಾರ ಮಾಡುವುದಕ್ಕೆ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿತು. ಎರಡನೇ ಮಹಾಯುದ್ಧ ಬಂದು ಮೀಟರಿನ ವ್ಯಾಪಾರ ಬಿದ್ದುಹೋದಾಗ ಮೀನಿನ ರೀಲಿಗೆ ಕೈಹಾಕಿತು. ಫ್ರಾನ್ಸಿನ ಮಿಚೆಲ್ ರೀಲುಗಳನ್ನು ಮಾಡಿದ ಕಾರ್ಪಾನೋ ಮತ್ತು ಪೋನ್ಸ್ ಕಂಪನಿ ಇದ್ದದ್ದು ಕ್ಲೂಸ್ ಎಂಬ ಊರಿನಲ್ಲಿ. ಆಲ್ಪ್ಸ್ ಬೆಟ್ಟದ ಆ ಕಣಿವೆ ಗಡಿಯಾರದ ಬಿಡಿಭಾಗಗಳಿಗೆ ಹೆಸರಾದದ್ದು. ಅಮೆರಿಕದ ಝೆಬ್ಕೊ ಕಂಪನಿಯ ಕತೆ ಇನ್ನೂ ಮಜಾ. ಅದರ ಮೂಲ ಹೆಸರು ಝೀರೋ ಅವರ್ ಬಾಂಬ್ ಕಂಪನಿ. ಎಣ್ಣೆಬಾವಿಗಳಿಗೆ ಟೈಮ್ ಬಾಂಬ್ ಮಾಡುತ್ತಿತ್ತು! 1947ರಲ್ಲಿ ಅದಕ್ಕೆ ಮುಂಭಾಗ ಮುಚ್ಚಿದ ರೀಲಿನ ಮಾದರಿ ತಂದುಕೊಟ್ಟವರು ಆರ್.ಡಿ. ಹಲ್. ಟೆಕ್ಸಾಸಿನಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದವರು.

ಇನ್ನು ಇವತ್ತು ನಾವೆಲ್ಲ ಬಳಸುವ ಸ್ಪಿನ್ನಿಂಗ್ ರೀಲು. ಸ್ಪೂಲು, ಅಂದರೆ ದಾರ ಸುತ್ತಿದ ಉರುಳೆ, ತಿರುಗದೆ ನಿಂತಿರುತ್ತದೆ, ದಾರ ಅದರ ಅಂಚಿನ ಮೇಲಿಂದ ಜಾರಿ ಹೋಗುತ್ತದೆ. ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಇಲ್ಲಿಂಗ್‌ವರ್ತ್. ಅವರದು ಬಟ್ಟೆ ಗಿರಣಿಯ ವ್ಯವಹಾರ. ಗಿರಣಿಯ ಕಂಡಿಕೆಯಿಂದ ನೂಲು ಜಾರುವುದನ್ನು ನೋಡಿ ಈ ಯೋಚನೆ ಹೊಳೆಯಿತು ಎನ್ನುತ್ತಾರೆ. ಇಳಕಲ್, ಗುಳೇದಗುಡ್ಡ, ಬನಹಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇದರಿಂದ ನಮಗೇನು ಉಪಯೋಗ? ಹಳೆಯ ರೀಲನ್ನು ಒಂದು ಸ್ಕ್ರೂಡ್ರೈವರಿನಲ್ಲಿ ಬಿಚ್ಚಬಹುದು. ಒಳಗೆ ಹಿತ್ತಾಳೆಯ ಹಲ್ಲಿನ ಚಕ್ರ, ಉಕ್ಕಿನ ಶಾಫ್ಟು, ಎರಡು ಮೂರು ಸ್ಪ್ರಿಂಗು. ಏನು ಸವೆದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಬೆಳಗಾವಿಯಂಥ ಊರಿನಲ್ಲಿ ಇದು ದೊಡ್ಡ ಅನುಕೂಲ. ಉದ್ಯಮಬಾಗದಲ್ಲಿ ಲೇತ್ ಕೆಲಸದವರಿಗೆ ಬರವಿಲ್ಲ. ಹೈಡ್ರಾಲಿಕ್ ಬಿಡಿಭಾಗ ಕಡೆಯುವ ಕೈಗೆ ರೀಲಿನ ಒಂದು ಬುಷ್ ಮಾಡುವುದು ಚಹಾ ಬರುವಷ್ಟರಲ್ಲಿ ಮುಗಿಯುವ ಕೆಲಸ. ಸಣ್ಣ ಸ್ಪ್ರಿಂಗು ಹೋದರೆ ಹಳೆಯ ಗಡಿಯಾರ ರಿಪೇರಿಯವರ ಹತ್ತಿರ ಹೋಗಿ. ಅವರು ಮೊದಲು ಬೈಯುತ್ತಾರೆ, ಆಮೇಲೆ ಆಸೆಯಿಂದ ಬಿಚ್ಚುತ್ತಾರೆ.

ಅಗ್ಗದ ಹೊಸ ರೀಲಿಗೆ ಈ ಭಾಗ್ಯ ಇಲ್ಲ. ಮೈ ಪ್ಲಾಸ್ಟಿಕ್ಕು, ಚಕ್ರ ಸತುವಿನ ಮಿಶ್ರಲೋಹದ್ದು. ಒಂದು ಹಲ್ಲು ಹೋದರೆ ಬಿಡಿಭಾಗ ಸಿಗುವುದಿಲ್ಲ. ಸಿಕ್ಕರೂ ಅದರ ಖರ್ಚಿಗೆ ಹೊಸ ರೀಲೇ ಬರುತ್ತದೆ. ಎಸೆಯುವುದೇ ದಾರಿ.

ಆದರೆ ಹೊಸ ರೀಲು ಎಂದರೆ ಅಗ್ಗದ ರೀಲು ಮಾತ್ರ ಅಲ್ಲ. ಶಿಮಾನೋ, ದೈವಾ ಕಂಪನಿಗಳ ಒಂದು ಹಂತದ ಮೇಲಿನ ರೀಲನ್ನು ಕೈಯಲ್ಲಿ ಹಿಡಿದವರಿಗೆ ಸುಳ್ಳು ಹೇಳಲಾಗದು. ಅದು ನಯವಾಗಿ ಓಡುತ್ತದೆ, ಹಗುರ ಇರುತ್ತದೆ. ಎರಡು ವಿಷಯದಲ್ಲಿ ಹಳೆಯದಕ್ಕಿಂತ ಬಹಳ ಮುಂದೆ ಇದೆ. ಮೊದಲನೆಯದು ಹಿಂದಕ್ಕೆ ತಿರುಗದ ಬಂದೋಬಸ್ತು. ಹಳೆಯ ರೀಲಿನಲ್ಲಿ ಹ್ಯಾಂಡಲ್ ಸ್ವಲ್ಪ ಹಿಂದಕ್ಕೆ ಹೋಗಿ ಟಕ್ ಎಂದು ನಿಲ್ಲುತ್ತದೆ. ಹೊಸದರಲ್ಲಿ ಒಂದು ಕಡೆಗೆ ಮಾತ್ರ ತಿರುಗುವ ಬೇರಿಂಗ್ ಇರುತ್ತದೆ, ಕೂದಲೆಳೆಯಷ್ಟೂ ಹಿಂದೆ ಸರಿಯುವುದಿಲ್ಲ. ಮೀನು ಕಚ್ಚಿದ ತಕ್ಷಣ ಎಳೆಯುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಎರಡನೆಯದು ಡ್ರ್ಯಾಗ್. ದೊಡ್ಡ ಮೀನು ಎಳೆದಾಗ ದಾರ ಹರಿಯುವ ಮುಂಚೆ ಸ್ಪೂಲು ಜಾರಬೇಕು. ಆ ಜಾರುವಿಕೆಗೆ ಹಳೆಯ ರೀಲಿನಲ್ಲಿ ಚರ್ಮ, ಫೆಲ್ಟ್ ಮುಂತಾದವುಗಳ ವಾಷರ್ ಹಾಕುತ್ತಿದ್ದರು. ಒಣಗಿ ಗಟ್ಟಿಯಾದರೆ ಅದು ಜಾರುವುದಿಲ್ಲ, ಜಗ್ಗಿ ಜಗ್ಗಿ ಬಿಡುತ್ತದೆ. ಹತ್ತು ಕೆಜಿ ಕಾಟ್ಲಾ ಓಡುವಾಗ ಹಾಗೆ ಜಗ್ಗಿದರೆ ಮುಗಿಯಿತು. ಸಮಾಧಾನ ಏನೆಂದರೆ, ಹೆಸರಾಂತ ಹಳೆಯ ರೀಲುಗಳಿಗೆ ಕಾರ್ಬನ್ ನಾರಿನ ವಾಷರ್ ಸೆಟ್ ಇವತ್ತಿಗೂ ಮಾರಾಟಕ್ಕಿದೆ. ಅದೊಂದು ಬದಲಿಸಿದರೆ ಹಳೆಯ ರೀಲಿನ ಅರ್ಧ ದೂರು ಕಡಿಮೆಯಾಗುತ್ತದೆ.

ವೇಗದ ವಿಷಯ ಬೇರೆ. ಅಬು ಕಂಪನಿಯ ಹಳೆಯ ಅಂಬಾಸಡರ್ 5000 ರೀಲಿನಲ್ಲಿ ಹ್ಯಾಂಡಲ್ ಒಂದು ಸುತ್ತು ಹಾಕಿದರೆ ಸ್ಪೂಲು ಸುಮಾರು 3.6 ಸುತ್ತು ಹಾಕುತ್ತದೆ. ಹೊಸ ರೀಲುಗಳಲ್ಲಿ ಐದು, ಆರು, ಏಳು ಸುತ್ತು ಮಾಮೂಲು. ಲೂರನ್ನು, ಅಂದರೆ ನಕಲಿ ಎರೆಯನ್ನು, ಜೋರಾಗಿ ಎಳೆಯುವವರಿಗೆ ಹಳೆಯದು ನಿಧಾನ ಅನ್ನಿಸುತ್ತದೆ. ಹಿಟ್ಟಿನ ಉಂಡೆ ಕಟ್ಟಿ ತಳಕ್ಕೆ ಬಿಟ್ಟು ಕಾಯುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಬದಲಿಗೆ, ನಿಧಾನದ ರೀಲಿನಲ್ಲಿ ತೂಕದ ಮೀನನ್ನು ಎಳೆಯುವುದು ಸುಲಭ.

ಅಂಬಾಸಡರ್ ಮತ್ತು ಮಿಚೆಲ್

ನಮ್ಮ ಕಡೆ ಯಾವ ಹಳೆಯ ರೀಲು ಕೊಳ್ಳಬಹುದು ಎಂದು ಕೇಳಿದರೆ ನಾನು ಹೇಳುವುದು ಎರಡೇ ಹೆಸರು.

ಮೊದಲನೆಯದು ಅಬು ಅಂಬಾಸಡರ್. ಕಾರಲ್ಲ, ರೀಲು. 5000 ಮಾದರಿ ಬಂದದ್ದು 1950ರ ದಶಕದ ಮೊದಲ ವರ್ಷಗಳಲ್ಲಿ. ಕೆಂಪು ಬಣ್ಣ, ಗಟ್ಟಿ ಲೋಹ, ಒಂದು ಗುಂಡಿ ಒತ್ತಿದರೆ ಸ್ಪೂಲು ಸ್ವತಂತ್ರವಾಗಿ ಓಡುತ್ತದೆ. ದಾರವನ್ನು ಸ್ಪೂಲಿನ ಮೇಲೆ ಆಚೆ ಈಚೆ ಸಮವಾಗಿ ಹಂಚುವ ಭಾಗ ಮುಂದೆಯೇ ಇರುತ್ತದೆ. ಮೊದಮೊದಲಿನವು ಚರ್ಮದ ಪೆಟ್ಟಿಗೆಯಲ್ಲಿ ಎಣ್ಣೆಯ ಟ್ಯೂಬು, ಪಾನಾ ಸಮೇತ ಬರುತ್ತಿದ್ದವು. ಹೆಸರಿನ ಕೊನೆಗೆ ಸಿ ಅಕ್ಷರ ಇದ್ದರೆ ಬಾಲ್ ಬೇರಿಂಗ್ ಇದೆ ಎಂದರ್ಥ. ಬಳಸಲು ಕೊಳ್ಳುವವರು 5000ಸಿ, 5500ಸಿ, ಇಲ್ಲವೇ ದೊಡ್ಡ ಮೀನಿಗೆ 6000ದ ಸಾಲು ನೋಡಿ. ಎಡಗೈಯಲ್ಲಿ ಹ್ಯಾಂಡಲ್ ತಿರುಗಿಸುವವರಿಗೆ 5001, 6001 ಎಂಬ ಜೋಡಿ ಮಾದರಿಗಳಿವೆ. 1970ರ ದಶಕದ ಮಧ್ಯದ ನಂತರದ ರೀಲಾದರೆ, ರಾಡಿಗೆ ಕೂರುವ ಪಾದದ ಮೇಲಿನ ಸಂಖ್ಯೆ ನೋಡಿ. ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು. 7803 ಎಂದು ಶುರುವಾದರೆ 1978ರ ಮಾರ್ಚ್. ಮಾರುವವರು "ಬ್ರಿಟಿಷರ ಕಾಲದ್ದು" ಎಂದು ಕತೆ ಕಟ್ಟಿದಾಗ ಈ ಸಂಖ್ಯೆ ಓದಿ ತೋರಿಸಿ. ಬೆಲೆ ತಾನಾಗಿ ಇಳಿಯುತ್ತದೆ.

ಇದರ ಕಷ್ಟವೂ ಹೇಳಬೇಕು. ಎಸೆಯುವಾಗ ಹೆಬ್ಬೆರಳಿನಿಂದ ಸ್ಪೂಲನ್ನು ಹದವಾಗಿ ತಡೆಯಲು ಬರಬೇಕು. ಇಲ್ಲದಿದ್ದರೆ ದಾರ ಸಿಕ್ಕಾಗಿ ಇಡೀ ಬೆಳಿಗ್ಗೆ ಬಿಡಿಸುತ್ತಾ ಕೂರಬೇಕಾಗುತ್ತದೆ. ಗಾಳಿಗೆ ಎದುರಾಗಿ ಎಸೆದರಂತೂ ಗ್ಯಾರಂಟಿ. ಹೊಸ ರೀಲುಗಳಲ್ಲಿ ಅಯಸ್ಕಾಂತದ ಬ್ರೇಕು ಇರುತ್ತದೆ, ಕಲಿಯುವವರಿಗೆ ಅದೇ ಸುಲಭ.

ಎರಡನೆಯದು ಮಿಚೆಲ್ 300. ಮೊಟ್ಟೆ ಆಕಾರದ ಮೈ, ಕಪ್ಪು ಬಣ್ಣ, ಒಂದು ಗುಂಡಿ ಒತ್ತಿದರೆ ಸ್ಪೂಲು ಕೈಗೆ ಬರುತ್ತದೆ. ಲಕ್ಷಗಟ್ಟಲೆ ಮಾರಾಟವಾದ ರೀಲು ಇದು. ಹಾಗಾಗಿ ಬಿಡಿಭಾಗಕ್ಕೆ ಇನ್ನೊಂದು ಕೆಟ್ಟ ಮಿಚೆಲ್ ಕೊಂಡರೆ ಸಾಕು. 300ಕ್ಕೆ ಹ್ಯಾಂಡಲ್ ಎಡಗಡೆ, 301ಕ್ಕೆ ಬಲಗಡೆ. ಬದಲಾಯಿಸಲು ಆಗುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಕೈ ಯಾವುದು ನೋಡಿಕೊಳ್ಳಿ. ಇದರ ಬಲಹೀನತೆ ಬೇಲ್ ಸ್ಪ್ರಿಂಗು, ಅಂದರೆ ದಾರ ಹಿಡಿಯುವ ತಂತಿಯನ್ನು ಮುಚ್ಚುವ ಸ್ಪ್ರಿಂಗು. ಅದು ಮುರಿಯುತ್ತದೆ. ಮುರಿದರೂ ಬೆರಳಿನಿಂದ ಮುಚ್ಚಿ ಆಡಿಸಬಹುದು, ಸುಮ್ನೆ ಗಾಬರಿಯಾಗಬೇಡಿ.

ಎಸೆಯಲು ಈಗಷ್ಟೇ ಕಲಿಯುವವರಿಗೆ ಮಿಚೆಲ್. ಕೈ ಪಳಗಿದವರಿಗೆ, ಕೊರವ ಮೀನಿನ ಹುಚ್ಚು ಇರುವವರಿಗೆ ಅಂಬಾಸಡರ್. ನನ್ನ ಆಯ್ಕೆ ಅಂಬಾಸಡರ್. ಗುಂಡಿ ಒತ್ತಿದಾಗ ಆಗುವ ಆ ಕ್ಲಿಕ್ ಸದ್ದಿಗೇ ಅರ್ಧ ದುಡ್ಡು ಕೊಡಬಹುದು. ಇದು ತರ್ಕದ ಮಾತಲ್ಲ, ಗೊತ್ತು.

ಅಮೆರಿಕದ ಪೆನ್ ರೀಲುಗಳೂ ಕಣ್ಣಿಗೆ ಬೀಳುತ್ತವೆ. ಫಿಲಡೆಲ್ಫಿಯಾದಲ್ಲಿ 1932ರಲ್ಲಿ ಶುರುವಾದ ಕಂಪನಿ. 1936ರಿಂದ ಬಂದ ಅದರ ಸೆನೆಟರ್ ರೀಲು ಸಮುದ್ರದ ದೊಡ್ಡ ಮೀನಿಗೆ ಮಾಡಿದ್ದು. ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಇಲ್ಲಿಗೆ ಬರುತ್ತದೆ. ನೋಡಲು ರಾಜನಂತೆ ಇದೆ, ಆದರೆ ಹಿಡ್ಕಲ್ಲಿನ ರೋಹುವಿಗೆ ಅಷ್ಟು ಭಾರ ಬೇಡ. ಬಂಗಾಳದ ಕೆರೆಗಳಲ್ಲಿ ರೋಹು, ಕಾಟ್ಲಾ ಹಿಡಿಯಲು ಬಳಸುವ ಸರಳ ಚಕ್ರದ ಸೆಂಟರ್‌ಪಿನ್ ರೀಲು ಇನ್ನೊಂದಿದೆ. ಚೆಂದದ ವಸ್ತು. ಅದರಲ್ಲಿ ದೂರ ಎಸೆಯುವುದು ಕಲಿಯಲು ತಾಳ್ಮೆ ಬೇಕು.

ರಾಡು: ಇಲ್ಲಿ ಭಾವುಕರಾಗಬೇಡಿ

ಹಳೆಯ ರಾಡಿನಲ್ಲಿ ಮುಖ್ಯವಾಗಿ ಎರಡು ಜಾತಿ. ಸೀಳು ಬಿದಿರಿನದು, ಫೈಬರ್‌ಗ್ಲಾಸಿನದು.

ಸೀಳು ಬಿದಿರಿನ ರಾಡು ನಮ್ಮ ಹಳ್ಳಿಯ ಬಿದಿರು ಕೋಲಲ್ಲ. ಬಿದಿರನ್ನು ಆರು ತೆಳು ಪಟ್ಟಿಯಾಗಿ ಸೀಳಿ, ಒಂದಕ್ಕೊಂದು ಅಂಟಿಸಿ, ಆರು ಮೂಲೆಯ ಕೋಲು ಮಾಡುತ್ತಾರೆ. 1872ರಲ್ಲಿ ಶುರುವಾದ ಇಂಗ್ಲೆಂಡಿನ ಹಾರ್ಡಿ ಕಂಪನಿ ಇದಕ್ಕೆ ಹೆಸರುವಾಸಿ. 19ನೇ ಶತಮಾನದಲ್ಲಿ ಈ ಕೆಲಸಕ್ಕೆ ಹೋಗುತ್ತಿದ್ದ ಬಿದಿರಿಗೆ ಕಲ್ಕತ್ತಾ ಕೇನ್ ಎಂದೇ ಹೆಸರು. ನಮ್ಮ ದೇಶದಿಂದ ಹೋದದ್ದು. ಆಮೇಲೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಟೊಂಕಿನ್ ಬಿದಿರು ಅದರ ಜಾಗ ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದ ಸರಕನ್ನು ತಡೆದಾಗ ಅಲ್ಲಿನವರಿಗೆ ಬಿದಿರೇ ಸಿಗದಾಯಿತು. ಫೈಬರ್‌ಗ್ಲಾಸ್ ರಾಡು ಮನೆಮನೆಗೆ ಬಂದದ್ದಕ್ಕೆ ಅದೂ ಒಂದು ಕಾರಣ.

ಬೆಳಗಾವಿಯ ಕ್ಯಾಂಪ್ ಪ್ರದೇಶದ ಯಾವುದಾದರೂ ಹಳೆಯ ಬಂಗಲೆಯಲ್ಲೋ, ಮಿಲಿಟರಿಯಲ್ಲಿದ್ದವರ ಮನೆಯಲ್ಲೋ ಅಂಥ ಬಿದಿರು ರಾಡು ಸಿಕ್ಕರೆ ಅದೃಷ್ಟ. ಆದರೆ ಅದನ್ನು ಆಲಮಟ್ಟಿಗೆ ಒಯ್ಯಬೇಡಿ. ಯುದ್ಧಕ್ಕಿಂತ ಹಿಂದಿನ ಎಷ್ಟೋ ರಾಡುಗಳಿಗೆ ಪ್ರಾಣಿಜನ್ಯ ಅಂಟು ಬಳಸಿದ್ದಾರೆ. ತೇವಕ್ಕೂ ಬಿಸಿಗೂ ಅದು ಬಿಡುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಹಿಂದಿನ ಗಾಜಿನ ಕೆಳಗೆ ಮಧ್ಯಾಹ್ನದವರೆಗೆ ಇಟ್ಟರೆ ಪಟ್ಟಿಗಳು ಬಾಯಿ ಬಿಡಬಹುದು. ಭಾರ ಎಳೆದು ಎಳೆದು ರಾಡು ಒಂದು ಕಡೆ ಬಾಗಿ ನಿಂತರೆ ಮತ್ತೆ ನೇರವಾಗುವುದೂ ಕಷ್ಟ. ಸಣ್ಣ ಕೆರೆ, ಸಣ್ಣ ಮೀನು, ಬೆಂಡು ಕಟ್ಟಿದ ಗಾಳ, ಚಳಿಗಾಲದ ಬೆಳಿಗ್ಗೆ. ಇಷ್ಟಕ್ಕೆ ಬಿದಿರು ರಾಡಿನಷ್ಟು ಸುಖ ಇನ್ನೊಂದಿಲ್ಲ.

ಫೈಬರ್‌ಗ್ಲಾಸ್ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಎರಡನೇ ಮಹಾಯುದ್ಧದ ನಂತರ ಶೇಕ್ಸ್‌ಪಿಯರ್ ಕಂಪನಿ ತನ್ನ ವಂಡರ್‌ರಾಡ್ ಮೂಲಕ ಇದನ್ನು ಜನಪ್ರಿಯ ಮಾಡಿತು. ಗ್ರಾಫೈಟಿಗಿಂತ ಭಾರ, ಬುಡದವರೆಗೂ ಬಾಗುತ್ತದೆ, ತುದಿಯ ಸಣ್ಣ ಕಚ್ಚುವಿಕೆ ಕೈಗೆ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಆದರೆ ಬೈಕಿನ ಹಿಂದೆ ಕಟ್ಟಿಕೊಂಡು ಹೊಲದ ದಾರಿಯಲ್ಲಿ ಹೋಗುವವರಿಗೆ, ಸರ್ಕಾರಿ ಬಸ್ಸಿನಲ್ಲಿ ಸೀಟಿನ ಕೆಳಗೆ ತಳ್ಳುವವರಿಗೆ ಇದೇ ಸರಿ. ಗ್ರಾಫೈಟ್ ರಾಡು ಕಲ್ಲಿಗೆ ಒಮ್ಮೆ ಬಡಿದರೆ ಆಗ ಏನೂ ಕಾಣುವುದಿಲ್ಲ. ಇನ್ನೊಂದು ದಿನ ದೊಡ್ಡ ಮೀನು ಎಳೆಯುವಾಗ ಅದೇ ಜಾಗದಲ್ಲಿ ಪಟ್ ಎಂದು ಮುರಿಯುತ್ತದೆ. ಫೈಬರ್ ರಾಡಿಗೆ ಆ ಸಿಟ್ಟಿಲ್ಲ. ರೋಹುವಿನ ಬಾಯಿ ಮೆತ್ತಗೆ. ಬಿರುಸು ರಾಡಿನಲ್ಲಿ ಜಗ್ಗಿದರೆ ಕೊಕ್ಕೆ ಹರಿದುಕೊಂಡು ಬರುತ್ತದೆ. ಬಾಗುವ ರಾಡು ಅದನ್ನು ತಪ್ಪಿಸುತ್ತದೆ.

ಗ್ರಾಫೈಟ್ ರಾಡು ಮಾರುಕಟ್ಟೆಗೆ ಬಂದದ್ದು 1973ರಲ್ಲಿ, ಅಮೆರಿಕದ ಫೆನ್ವಿಕ್ ಕಂಪನಿಯಿಂದ. ದೂರ ಎಸೆಯುವುದಕ್ಕೆ, ದಿನವಿಡೀ ಎಸೆಯುತ್ತಲೇ ಇರುವುದಕ್ಕೆ ಇದನ್ನು ಮೀರಿಸುವಂಥದ್ದಿಲ್ಲ. ತೋಳು ನೋಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗ್ರಾಫೈಟ್ ಕರೆಂಟ್ ಹರಿಸುತ್ತದೆ. ನಮ್ಮ ಹೊಳೆದಂಡೆ, ಕಾಲುವೆ ದಂಡೆಗಳ ಮೇಲೆ ಪಂಪ್‌ಸೆಟ್ಟಿನ ತಂತಿಗಳು ತಲೆಯ ಮೇಲೇ ಜೋತಾಡುತ್ತಿರುತ್ತವೆ. ಹನ್ನೆರಡು ಅಡಿ ರಾಡು ಎತ್ತುವ ಮುಂಚೆ ಮೇಲೆ ನೋಡಿ. ಹಸಿ ದಾರ, ಹಸಿ ಫೈಬರ್ ರಾಡಿಗೂ ಇದೇ ಮಾತು. ಸಿಡಿಲು ಗುಡುಗು ಶುರುವಾದರೆ ರಾಡು ಕೆಳಗಿಟ್ಟು ಹೊರಡಿ.

ಹಳೆಯ ಫೈಬರ್ ರಾಡು ಸಿಗದಿದ್ದರೆ? ಶೇಕ್ಸ್‌ಪಿಯರ್ 1976ರಲ್ಲಿ ತಂದ ಅಗ್ಲಿ ಸ್ಟಿಕ್ ಫೈಬರ್ ಮತ್ತು ಗ್ರಾಫೈಟ್ ಸೇರಿಸಿ ಮಾಡಿದ್ದು. ಆ ಹೆಸರಿನ ರಾಡು ಇವತ್ತಿಗೂ ಹೊಸದಾಗಿ ಸಿಗುತ್ತದೆ. ಹಳೆಯ ರೀಲನ್ನು ಇಂಥ ಹೊಸ ರಾಡಿಗೆ ಹಾಕುವುದನ್ನು ಹಳೆ ಸಾಮಾನಿನ ಭಕ್ತರು ಒಪ್ಪುವುದಿಲ್ಲ. "ಜೋಡಿ ಕೂಡೂದಿಲ್ರಿ" ಎನ್ನುತ್ತಾರೆ. ಕೂಡದೇ ಇರಲಿ, ಮೀನಿಗೆ ಗೊತ್ತಾಗುವುದಿಲ್ಲ.

ಗ್ರಾಫೈಟ್ ಇಲ್ಲದೆ ದೊಡ್ಡ ಮೀನು ಬರುವುದಿಲ್ಲ ಎನ್ನುವವರೂ ಇದ್ದಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿ ಹೊಳೆಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದರು. ಆಗ ಗ್ರಾಫೈಟ್ ರಾಡು ಹುಟ್ಟೇ ಇರಲಿಲ್ಲ.

ದಾರ

ಇಲ್ಲಿ ಚರ್ಚೆ ಬೇಡ. ರೇಷ್ಮೆ, ಲಿನನ್ ದಾರದ ಕಾಲದಲ್ಲಿ ಪ್ರತಿ ಸಲ ದಾರ ಬಿಚ್ಚಿ ಒಣಗಿಸಬೇಕಿತ್ತು, ಇಲ್ಲದಿದ್ದರೆ ಕೊಳೆಯುತ್ತಿತ್ತು. ನೈಲಾನ್ ಬಂದು ಆ ಕಾಟ ತಪ್ಪಿತು. ಹಳೆಯ ರೀಲಿನ ಜತೆ ಬಂದ ಹಳೆಯ ನೈಲಾನ್ ದಾರವನ್ನು ಬಿಚ್ಚಿ ಎಸೆಯಿರಿ. ಬಿಸಿಲಿಗೆ ಅದರ ಸತ್ವ ಹೋಗಿರುತ್ತದೆ. ಹೊಳೆಗೆ ಮಾತ್ರ ಎಸೆಯಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹಳೆಯ ರೀಲಿಗೆ ಹೊಸ ಬ್ರೇಡ್ ದಾರ ಹಾಕಬಹುದೇ ಎಂಬ ಪ್ರಶ್ನೆ ತುಂಬಾ ಬರುತ್ತದೆ. ಬೇಡ ಎನ್ನುತ್ತೇನೆ. ಬ್ರೇಡ್ ತೆಳು, ಗಡುಸು. ಹಳೆಯ ರಾಡಿನ ಮೆತ್ತನೆ ಲೋಹದ ಉಂಗುರಗಳನ್ನೂ ಮಿಚೆಲ್ಲಿನ ರೋಲರನ್ನೂ ಗರಗಸದಂತೆ ಕೊರೆಯುತ್ತದೆ. ಜತೆಗೆ ಅದು ಹಿಗ್ಗುವುದಿಲ್ಲ. ಹಳೆಯ ಡ್ರ್ಯಾಗ್ ತಡವಾಗಿ ಜಾರಿದರೆ ಏಟೆಲ್ಲ ಚಕ್ರದ ಹಲ್ಲಿಗೆ ಬೀಳುತ್ತದೆ. 12ರಿಂದ 15 ಪೌಂಡ್ ತಾಳುವ ಒಳ್ಳೆಯ ಮೊನೊ (ಒಂದೇ ಎಳೆಯ ನೈಲಾನ್) ದಾರ ಹಾಕಿ. ಅದು ಹಿಗ್ಗುವುದರಿಂದ ಹಳೆಯ ಡ್ರ್ಯಾಗಿನ ದೋಷ ಮುಚ್ಚಿಹೋಗುತ್ತದೆ. ಬ್ರೇಡೇ ಬೇಕು ಎಂದು ಹಟ ಇದ್ದರೆ ಹೊಸ ರೀಲು, ಹೊಸ ರಾಡು ಕೊಳ್ಳಿ.

ನಿಮ್ಮ ನೀರು ಯಾವುದು?

ರೀಲಿನ ವಯಸ್ಸಿಗಿಂತ ಇದು ದೊಡ್ಡ ಪ್ರಶ್ನೆ.

ಬಾಗಲಕೋಟೆಯ ಸುತ್ತ ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕುವವರಿಗೆ ಕೃಷ್ಣೆಗಿಂತ ಮುಳುಗಡೆಯ ಕಾಟ ಜಾಸ್ತಿ. ನೀರಿನ ಕೆಳಗೆ ಹಳೆಯ ಗೋಡೆ, ಬೇಲಿ, ಜಾಲಿ ಮರದ ಬೊಡ್ಡೆ ಎಲ್ಲ ಇವೆ. ಸೀಸದ ಗುಂಡು ಸಿಕ್ಕಿಹಾಕಿಕೊಳ್ಳುವುದು ದಿನದ ಕತೆ. ಸಿಕ್ಕಿದ್ದನ್ನು ಎಳೆಯುವುದೇ ರೀಲಿಗೆ ದೊಡ್ಡ ಪರೀಕ್ಷೆ. ಇಲ್ಲಿ ಅಗ್ಗದ ಹೊಸ ರೀಲು ಬಹಳ ದಿನ ಬಾಳುವುದಿಲ್ಲ. ಲೋಹದ ಅಂಬಾಸಡರ್ 6000, ಏಳೆಂಟು ಅಡಿಯ ದಪ್ಪ ಫೈಬರ್ ರಾಡು ಇಲ್ಲಿಗೆ ಸರಿ. ಆದರೂ ಸಿಕ್ಕಿದ ದಾರವನ್ನು ರೀಲಿನಿಂದ ಎಳೆಯಬೇಡಿ. ಒಂದು ಕೋಲಿಗೆ ದಾರ ಸುತ್ತಿ, ರಾಡನ್ನು ನೇರ ಹಿಡಿದು, ಹಿಂದೆ ನಡೆಯಿರಿ. ಗುಂಡು ಕಟ್ಟುವ ತುಂಡಿಗೆ ಮುಖ್ಯ ದಾರಕ್ಕಿಂತ ತೆಳು ದಾರ ಬಳಸಿದರೆ ಗುಂಡು ಮಾತ್ರ ಹೋಗುತ್ತದೆ, ಮೀನು ಉಳಿಯುತ್ತದೆ. ಇನ್ನು, ಕೃಷ್ಣೆಯಲ್ಲಿ ಮೊಸಳೆಗಳಿವೆ. ಸಿಕ್ಕಿದ ಗಾಳ ಬಿಡಿಸಲು ನೀರಿಗೆ ಇಳಿಯಬೇಡಿ. ಮಿಚೆಲ್ ಆದರೂ ಹೋಗಲಿ.

ಹಿಡ್ಕಲ್, ನವಿಲುತೀರ್ಥದ ಬಯಲು ದಂಡೆಗಳ ಮಾತು ಬೇರೆ. ಬೇಸಿಗೆಯಲ್ಲಿ ನೀರು ಇಳಿದಾಗ ಆಳ ದೂರ ಸರಿಯುತ್ತದೆ. ಎದುರು ಗಾಳಿ ಬೇರೆ. ದೂರ ಎಸೆಯದೆ ಕೆಲಸವಿಲ್ಲ. ಇಲ್ಲಿ ನಾನು ಹಳೆಯದರ ಪರ ವಾದಿಸುವುದಿಲ್ಲ. ಹತ್ತು ಹನ್ನೆರಡು ಅಡಿಯ ಹೊಸ ರಾಡು, ದೊಡ್ಡ ಸ್ಪೂಲಿನ ಹೊಸ ಸ್ಪಿನ್ನಿಂಗ್ ರೀಲು ತಗೊಳ್ಳಿ. ಮಳೆಗಾಲ ಮುಗಿದು ನೀರು ದಂಡೆಗೆ ಬಂದಾಗ ಮಿಚೆಲ್ ಹೊರಗೆ ತೆಗೆಯಬಹುದು.

ವಿಜಯಪುರ ಜಿಲ್ಲೆಯ ಕೆರೆಗಳಲ್ಲಿ, ಜೊಂಡು ಬೆಳೆದ ಮೂಲೆಗಳಲ್ಲಿ ಕೊರವ ಹಿಡಿಯುವವರಿಗೆ ಹಳೆಯ ಸೆಟ್ಟಿನಷ್ಟು ಮಜಾ ಇನ್ನಾವುದೂ ಕೊಡದು. ಎಸೆಯುವ ದೂರ ಕಡಿಮೆ. ಕಪ್ಪೆ ಆಕಾರದ ರಬ್ಬರ್ ಲೂರನ್ನು ಜೊಂಡಿನ ಮೇಲೆ ಹಾಕಿ ನಿಧಾನವಾಗಿ ಎಳೆಯಬೇಕು. ರೀಲು ನಿಧಾನ ಇದ್ದರೆ ಒಳ್ಳೆಯದೇ. ಕೊರವ ಹೊಡೆದಾಗ ಗಿಡದೊಳಗೆ ನುಗ್ಗುವ ಮುಂಚೆ ಬಲವಾಗಿ ಎಳೆಯಬೇಕು, ಅದಕ್ಕೆ ಲೋಹದ ರೀಲು ಬೇಕು. ಗಿಡದ ನಡುವೆ ಮಾತ್ರ ಬ್ರೇಡ್ ನಿಜಕ್ಕೂ ಉಪಯೋಗ. ಹಳೆಯ ಸೆಟ್ಟಾದರೆ ಅಲ್ಲಿ ದಪ್ಪ ಮೊನೊ ಹಾಕಿ ರಾಜಿಯಾಗಬೇಕು. ಮರಿಗಳ ಗುಂಪಿನ ಜತೆ ಇರುವ ಕೊರವಕ್ಕೆ ಗಾಳ ಹಾಕಬೇಡಿ. ತಂದೆತಾಯಿ ಹೋದರೆ ಮರಿಗಳು ಉಳಿಯುವುದಿಲ್ಲ.

ಯಾವ ನೀರಾದರೂ ಕೇಳಿಕೊಂಡು ಹಾಕಿ. ಜಲಾಶಯಕ್ಕೆ ಮೀನುಗಾರಿಕೆ ಇಲಾಖೆ, ಕೆರೆಗೆ ಗುತ್ತಿಗೆ ಹಿಡಿದವರು. ಗೋಕಾಕ ಹತ್ತಿರದ ಧೂಪದಾಳ ಘಟಪ್ರಭಾ ಪಕ್ಷಿಧಾಮದ ನೀರು, ಖಾನಾಪುರದ ಕಡೆ ಭೀಮಗಡ ಅರಣ್ಯ. ಅಲ್ಲೆಲ್ಲ ಹೊಸದೂ ಬೇಡ, ಹಳೆಯದೂ ಬೇಡ.

ಕೊಳ್ಳುವಾಗ

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಕೈಗೆ ಸಿಗುವ ರೀಲಾದರೆ ಮೊದಲು ಮೂಗಿಗೆ ಹಿಡಿಯಿರಿ. ಗ್ರೀಸು ಹಳಸಿದ ವಾಸನೆ ಬಂದರೆ ಚಿಂತೆಯಿಲ್ಲ, ತೊಳೆದರೆ ಹೋಗುತ್ತದೆ. ಆಮೇಲೆ ಸ್ಕ್ರೂಗಳ ತಲೆ ನೋಡಿ. ತಲೆ ಕಿತ್ತುಹೋಗಿದ್ದರೆ ಯಾರೋ ಬಾರದ ಕೈ ಒಳಗೆ ಹೋಗಿದೆ. ಹ್ಯಾಂಡಲನ್ನು ತೀರಾ ನಿಧಾನವಾಗಿ ತಿರುಗಿಸಿ. ಎಲ್ಲ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕಡಕ್ ಎಂದರೆ ಹಲ್ಲು ಹೋಗಿದೆ. ಇಡೀ ಸುತ್ತು ಬಿಗಿ ಇದ್ದರೆ ಬರೀ ಒಣಗಿದ ಗ್ರೀಸು. ಅಂಬಾಸಡರಿನಲ್ಲಿ ದಾರ ಹಂಚುವ ಭಾಗ ಎರಡೂ ಕೊನೆಯವರೆಗೆ ಹೋಗಿ ತಿರುಗುತ್ತದಾ ನೋಡಿ. ಒಂದು ಕೊನೆಯಲ್ಲಿ ನಿಂತರೆ ಒಳಗಿನ ಹಲ್ಲು ಸವೆದಿದೆ. ಅದು ಸಣ್ಣ ಖರ್ಚು, ಬೆಲೆ ಇಳಿಸಲು ಒಳ್ಳೆಯ ನೆಪ.

ಗೋವಾ, ಕಾರವಾರದಿಂದ ಬಂದ ರೀಲಿಗೆ ಇನ್ನೊಂದು ಪರೀಕ್ಷೆ ಬೇಕು. ಪಾದದ ಕೆಳಗೆ, ಸ್ಕ್ರೂಗಳ ಸುತ್ತ ಬಿಳಿ ಪುಡಿ ಇದೆಯಾ? ಬಣ್ಣದ ಕೆಳಗೆ ಗುಳ್ಳೆ ಎದ್ದಿದೆಯಾ? ಅದು ಉಪ್ಪುನೀರು ಅಲ್ಯೂಮಿನಿಯಮ್ಮನ್ನು ತಿಂದ ಗುರುತು. ಹೊರಗೆ ಅಷ್ಟಿದ್ದರೆ ಒಳಗೆ ಇನ್ನೂ ಜಾಸ್ತಿ. ಲೇತ್‌ನವರೂ ಅದಕ್ಕೆ ಜೀವ ತುಂಬಲಾರರು, ಬಿಟ್ಟುಬಿಡಿ.

ರಾಡಿನಲ್ಲಿ ಕೂಡುವ ಜಾಗ ನೋಡಿ. ಹಿತ್ತಾಳೆ ಕೊಳವೆ ಸಡಿಲ ಇದ್ದರೆ ಎಸೆಯುವಾಗ ಮೇಲಿನ ತುಂಡು ನೀರಿಗೆ ಹೋಗುತ್ತದೆ. ಬಿಗಿಯಾಗಿ ಸಿಕ್ಕಿಹಾಕಿಕೊಂಡಿದ್ದರೆ ತಿರುಚಬೇಡಿ, ನೇರವಾಗಿ ಎಳೆಯಿರಿ. ಉಂಗುರಗಳೊಳಗೆ ಕಾಲುಚೀಲದ ನೈಲಾನ್ ಬಟ್ಟೆ ಎಳೆದು ನೋಡಿ. ಎಳೆ ಸಿಕ್ಕಿದರೆ ಉಂಗುರದಲ್ಲಿ ಗೀರಿದೆ. ಉಂಗುರ ಬದಲಿಸುವುದು ಕಷ್ಟವಲ್ಲ, ರೇಷ್ಮೆ ದಾರ ಸುತ್ತಿ ವಾರ್ನಿಷ್ ಹಚ್ಚಿದರೆ ಆಯಿತು.

ವಿದೇಶದಿಂದ ತರಿಸುವವರು ರೀಲಿನ ಬೆಲೆಗೆ ಸಾಗಣೆ, ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ. ಎಷ್ಟೋ ಸಲ ಆ ಮೊತ್ತಕ್ಕೆ ಒಳ್ಳೆಯ ಹೊಸ ರೀಲು ಬರುತ್ತದೆ. ಆಮೇಲೂ ಹಳೆಯದೇ ಬೇಕು ಅನ್ನಿಸಿದರೆ ತರಿಸಿ. ಆಸೆಗೆ ಬೆಲೆ ಕಟ್ಟಲು ನಾನು ಯಾರು?

ಕೊಂಡ ಮೇಲೆ ಹಳೆಯ ಗ್ರೀಸನ್ನು ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಡೀಸೆಲ್ಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಬೇಕಲೈಟ್, ಪ್ಲಾಸ್ಟಿಕ್ ಭಾಗಗಳಿಗೆ ಸೋಪಿನ ನೀರು ಸಾಕು. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಶಾಫ್ಟಿಗೆ, ಬೇರಿಂಗಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದೇ ಹನಿ. ಹಲ್ಲಿಗೆ ತೆಳುವಾಗಿ ಗ್ರೀಸು. ಚಳಿಗಾಲದಲ್ಲಿ ಗ್ರೀಸು ಜಾಸ್ತಿಯಾದರೆ ಹ್ಯಾಂಡಲ್ ಎಳೆಯುತ್ತದೆ. ವರ್ಷಕ್ಕೆ ಒಮ್ಮೆ ಸಾಕು, ಧೂಳಿನ ದಾರಿಯಲ್ಲಿ ಓಡಾಡುವವರು ಎರಡು ಸಲ ಮಾಡಿ. ರೀಲನ್ನು ಎತ್ತಿಡುವಾಗ ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಿ. ಬಿಗಿ ಇಟ್ಟರೆ ವಾಷರ್ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಅದಾದರೆ ಮುಂದಿನ ಸಲ ಮೊದಲ ಮೀನಿಗೇ ದಾರ ಹರಿಯುತ್ತದೆ.